ತಮಟೆಯ ಜೊತೆಗೆ ಎಂಬತ್ತರ ದಶಕದ ಸಿಂಥ್: ಹಿರಿಯ ಹಾಡುಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನವನು. ಸಾಕ್ಷರತಾ ಜಾಥಾಗಳ ಕಾಲದಿಂದ ಜನಪದ ಧಾಟಿಯಲ್ಲಿ ಹಾಡು ಕಟ್ಟಿ ಹಾಡುತ್ತಾ ಬಂದಿದ್ದೇನೆ, ಕ್ಯಾಸೆಟ್‌ಗಳೂ ಬಂದಿದ್ದವು. ಹಾರ್ಮೋನಿಯಂ, ತಮಟೆ, ದಮ್ಮಡಿ (ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ) ಇಷ್ಟೇ ನನ್ನ ಪಕ್ಕವಾದ್ಯಗಳು. ಈಚೆಗೆ ಮಗಳ ಮಗ ನನ್ನದೇ ಒಂದು ಪದಕ್ಕೆ ಕಂಪ್ಯೂಟರಿನಲ್ಲಿ 1980ರ ದಶಕದ ಸಿಂಥಸೈಜರ್ (ಸಿಂಥ್) ನಾದಗಳನ್ನು ಹಾಕಿ ಕೇಳಿಸಿದ. ಮನಸ್ಸಿಗೆ ಹಿಡಿಸಿತು, ಆದರೆ ಹಾಡು ಎಲ್ಲೋ ಬಿಗಿದುಕೊಂಡಂತೆ ಕೇಳಿತು. ಜೊತೆಯವರು ‘ಈ ವಯಸ್ಸಿನಲ್ಲಿ ಜಾನಪದ ಕೆಡಿಸುವುದೇಕೆ’ ಎನ್ನುತ್ತಾರೆ. ಆರು ಹಾಡುಗಳನ್ನು ಈ ರೀತಿಯಲ್ಲಿ ಮಾಡಬೇಕೆಂಬ ಆಸೆಯಿದೆ. ಇದು ಕೂಡಿಬರುವ ಕೆಲಸವೇ? ತಮಟೆಯನ್ನು ಯಂತ್ರದ ತಾಳದ ಜೊತೆ ಹೇಗೆ ಕೂಡಿಸುವುದು? ಹಳೆಯ ವಾದ್ಯವನ್ನೇ ಕೊಳ್ಳಬೇಕೇ? ಜಾತ್ರೆಯಲ್ಲಿ ಹಾಡಿದರೆ ಹೇಗೆ ಕೇಳಿಸೀತು?

ಉತ್ತರ:

ಮಾನ್ಯರೇ,

ಕೂಡಿಬರುವ ಕೆಲಸವೇ, ಸಂದೇಹ ಬೇಡ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಹಾಡು ಬಿಗಿದುಕೊಂಡಂತೆ ಕೇಳಿತು’ ಎಂಬ ಮಾತು. ಹಲವು ವರ್ಷ ಹಾಡಿದ ಕಿವಿಗೆ ಮಾತ್ರ ಅದು ಅಷ್ಟು ಬೇಗ ಗೊತ್ತಾಗುತ್ತದೆ. ಕೋಲಾರದಲ್ಲಿ ಧ್ವನಿಮುದ್ರಣ ಮತ್ತು ವಾದ್ಯಸಂಯೋಜನೆಯ ಕೆಲಸದಲ್ಲಿರುವ ನಾನು ಜನಪದ ಧಾಟಿಯನ್ನು ಕೀಬೋರ್ಡಿಗೆ ಒಪ್ಪಿಸಿದಲ್ಲೆಲ್ಲ ಈ ಬಿಗಿತ ಬರುವುದನ್ನು ಕಂಡಿದ್ದೇನೆ. ಅದರ ಕಾರಣ ಸಿಂಥ್‌ನ ನಾದದಲ್ಲಿ ಇರುವುದಿಲ್ಲ, ಸಿಂಥ್‌ಗೆ ನಾವು ಕೊಟ್ಟ ಕೆಲಸದಲ್ಲಿ ಇರುತ್ತದೆ. ಕೊರಳು ಹಾಡುವ ಧಾಟಿಯನ್ನೇ ಯಂತ್ರದಲ್ಲಿ ಇನ್ನೊಮ್ಮೆ ನುಡಿಸಿ, ಕೆಳಗೆ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಹಾಸಿ, ತಮಟೆಯ ಪೆಟ್ಟುಗಳನ್ನು ಕಂಪ್ಯೂಟರಿನ ಗೆರೆಗಳಿಗೆ ಎಳೆದು ಕೂರಿಸಿದರೆ ಎಂಥ ಪದಕ್ಕಾದರೂ ಉಸಿರು ಕಟ್ಟುತ್ತದೆ. ಅದೇ ಸಿಂಥ್‌ಗೆ ಶ್ರುತಿ ಹಿಡಿಯುವ ಕೆಲಸವನ್ನೂ ಹಿಮ್ಮೇಳದ ಕೆಲಸವನ್ನೂ ಕೊಟ್ಟು, ಧಾಟಿಯನ್ನು ಪೂರ್ತಿಯಾಗಿ ಕೊರಳಿಗೂ ಕಾಲವನ್ನು ತಮಟೆಗೂ ಬಿಟ್ಟುಕೊಟ್ಟರೆ, ಎರಡೂ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ನಾನು ಮುಂದೆ ಬರೆಯುವುದೆಲ್ಲ ಇದೊಂದೇ ಮಾತಿನ ವಿವರ.

ಜೊತೆಯವರ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ಪ್ರೀತಿಯಿಂದ ಬಂದ ಆಕ್ಷೇಪ. ನೀವು ಪಕ್ಕವಾದ್ಯವೆಂದು ಹೆಸರಿಸಿರುವ ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ವಾದ್ಯ. ನೆಲದ ಮೇಲೆ ಕುಳಿತು ಕೈಯಲ್ಲಿ ತಿದಿಯೊತ್ತಿ ನುಡಿಸುವ ಅದರ ನಮ್ಮ ರೂಪವನ್ನು 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ತಯಾರಿಸಿದರು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿತು; ಮುಂದೆ ಕಂಪನಿ ನಾಟಕಗಳಲ್ಲಿ ಕಾಲು ಹಾರ್ಮೋನಿಯಂ ಮೇಳದ ಮುಖ್ಯ ವಾದ್ಯವೇ ಆಯಿತು, ಅಲ್ಲಿಂದ ಹಳ್ಳಿಯ ಪೌರಾಣಿಕ ನಾಟಕಕ್ಕೂ ಭಜನೆಗೂ ಇಳಿಯಿತು. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ತನ್ನ ಪ್ರಸಾರದಿಂದ ಹೊರಗಿಟ್ಟಿತ್ತು. ಅದರ ಸ್ವರಗಳು ಕದಲುವುದಿಲ್ಲ, ಗಮಕವನ್ನು ಹಿಡಿಯಲಾರವು ಎಂಬುದು ಆಗಿನ ದೂರು. ಇಂದು ಸಿಂಥ್‌ನ ಮೇಲೆ ಇರುವ ದೂರೂ ಹೆಚ್ಚುಕಡಿಮೆ ಅದೇ. ಆ ದೂರಿನಲ್ಲಿ ಸತ್ಯವಿತ್ತು. ಆದರೆ ನಮ್ಮ ಹಾಡುಗಾರರು ಅದಕ್ಕೆ ಬಗೆಹರಿಕೆ ಕಂಡುಕೊಂಡಿದ್ದರು: ಪೆಟ್ಟಿಗೆಗೆ ನಿಂತ ಸ್ವರದ ಕೆಲಸವನ್ನು ಕೊಟ್ಟು ಬಾಗು ಬಳುಕುಗಳನ್ನೆಲ್ಲ ಕೊರಳಿನಲ್ಲಿ ಉಳಿಸಿಕೊಂಡರು. ನೀವೂ ಅದನ್ನೇ ಮಾಡುತ್ತಾ ಬಂದವರು. ಹಾಗಾಗಿ ಸಿಂಥ್ ಜೊತೆ ಹಾಡುವುದಕ್ಕೆ ಬೇಕಾದ ಮುಖ್ಯ ವಿದ್ಯೆ ನಿಮಗೆ ಆಗಲೇ ಬಂದಿದೆ.

ಜೊತೆಯವರು ಹೆದರುವ ಕೇಡು ಬರುವುದು ಇನ್ನೊಂದು ಕಡೆಯಿಂದ. ತಮಟೆಯವರನ್ನು ಕರೆಯದೆ, ಕೀಬೋರ್ಡಿನೊಳಗೆ ‘ಫೋಕ್’ ಎಂದು ಹೆಸರಿಟ್ಟು ಕೂಡಿಸಿರುವ ತಾಳದ ತುಣುಕನ್ನು ಒತ್ತಿ, ಅದರ ಮೇಲೆ ಯಾವುದೋ ಊರಿನ ಪದವನ್ನು ಹಾಡಿಸುತ್ತಾರಲ್ಲ, ಅಲ್ಲಿ ಕೇಡಿದೆ. ಕೋಲಾರ ಚಿಕ್ಕಬಳ್ಳಾಪುರದ ವರಸೆಗಳು ಆ ತುಣುಕಿನಲ್ಲಿ ಇರುವುದಿಲ್ಲ. ಯಂತ್ರದ ನಾದ ಯಂತ್ರದ್ದಾಗಿಯೇ ಕೇಳಿ, ತಮಟೆ ತಮಟೆಯಾಗಿಯೇ ಕೇಳಿದರೆ ಯಾರಿಗೂ ಮೋಸವಿಲ್ಲ.

ಇನ್ನು ಆ ನಾದಗಳ ವಿಷಯ. 1980ರ ದಶಕದ ನಾದವೆಂದು ಒಂದೇ ಉಸಿರಿನಲ್ಲಿ ಹೇಳಿದರೂ ಅದರಲ್ಲಿ ಬೇರೆಬೇರೆ ಮನೆತನಗಳಿವೆ. ರೋಲ್ಯಾಂಡ್ ಕಂಪನಿಯ ಜುನೋ-60 1982ರಲ್ಲಿ, ಜುನೋ-106 1984ರಲ್ಲಿ ಬಂದವು. ಒಂದೇ ಸಲಕ್ಕೆ ಆರು ಸ್ವರ ನುಡಿಯುವ, ವಿದ್ಯುತ್ ಅಲೆಯನ್ನು ಸೋಸಿ ನಾದವನ್ನು ಪಡೆಯುವ ಅನಲಾಗ್ ವಾದ್ಯಗಳವು. ಅವುಗಳ ಕೋರಸ್ ಗುಂಡಿಯನ್ನು ಒತ್ತಿದೊಡನೆ ತೆಳ್ಳಗಿದ್ದ ನಾದ ಅಗಲವಾಗಿ ಬೆಚ್ಚಗಾಗುತ್ತದೆ. ಯಮಹಾ ಕಂಪನಿಯ ಡಿಎಕ್ಸ್ 7 ಬಂದದ್ದು 1983ರಲ್ಲಿ. ಒಂದು ಅಲೆಯಿಂದ ಇನ್ನೊಂದನ್ನು ವೇಗವಾಗಿ ಅಲುಗಿಸಿ ಹೊಸ ನಾದ ಹುಟ್ಟಿಸುವ ಎಫ್‌ಎಂ ವಿಧಾನ ಅದರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಕಂಡುಹಿಡಿದ ಆ ವಿಧಾನಕ್ಕೆ ಗಂಟೆ, ತಾಳ, ಗೆಜ್ಜೆಯಂಥ ಲೋಹದ ನಾದಗಳು ಚೆನ್ನಾಗಿ ಒಲಿಯುತ್ತವೆ. ಮೂರನೆಯದು ತಾಳಯಂತ್ರ. 1980ರಲ್ಲಿ ಬಂದ ಟಿಆರ್-808ರ ತಗ್ಗಿನ ಪೆಟ್ಟು ನಿಜವಾದ ಡೋಲಿನಂತೆ ಕೇಳುವುದೇ ಇಲ್ಲ. ಎದೆಗೆ ತಾಗಿ ನಿಧಾನವಾಗಿ ಇಳಿದುಹೋಗುವ ಒಂದು ಶುದ್ಧ ನಾದವದು. ಆ ಕಾರಣಕ್ಕೇ ಅದು ತಮಟೆಯ ಜೊತೆ ಜಗಳವಾಡದೆ ಇರಬಲ್ಲದು.

ಈ ನಾದಗಳು ನಮ್ಮ ಸೀಮೆಗೆ ಹೊಸತೂ ಅಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕ್ಯಾಸಿಯೋ, ಯಮಹಾ ಕೀಬೋರ್ಡುಗಳೂ ಕೋಲಿನಿಂದ ಬಾರಿಸುವ ವಿದ್ಯುನ್ಮಾನ ತಾಳವಾದ್ಯವಾದ ಆಕ್ಟೋಪ್ಯಾಡೂ ಎಷ್ಟೋ ಕಾಲದಿಂದ ಇವೆ. ನಿಮ್ಮ ವಯಸ್ಸಿನ ಕೇಳುಗರಿಗೆ ಅವು ಹರೆಯದ ನೆನಪಿನ ಭಾಗ, ಮೊಮ್ಮಗನ ವಯಸ್ಸಿನವರಿಗೆ ಹೊಸ ರುಚಿ. ಈ ಎರಡು ತಲೆಮಾರುಗಳು ಒಂದೇ ಹಾಡಿಗೆ ಕಿವಿಗೊಡುವ ಅವಕಾಶ ಇರುವುದರಿಂದಲೇ ನಿಮ್ಮ ಆಸೆ ನನಗೆ ಇಷ್ಟೊಂದು ಮುಖ್ಯವಾಗಿ ಕಾಣುತ್ತದೆ. ಒಂದು ಕಟ್ಟುಪಾಡು ಮಾತ್ರ ಹಾಕಿಕೊಳ್ಳಿ: ಜುನೋ ಬಗೆಯ ಒಂದು ನಾದ, ಡಿಎಕ್ಸ್ 7 ಬಗೆಯ ಒಂದು ನಾದ, 808 ಬಗೆಯ ಒಂದು ತಾಳ, ಆರು ಹಾಡುಗಳಿಗೂ ಇಷ್ಟೇ ಸಾಕು. ಕಂಪ್ಯೂಟರಿನಲ್ಲಿ ಸಾವಿರಾರು ನಾದಗಳು ಬೆರಳ ತುದಿಯಲ್ಲಿರುವಾಗ ಇದು ಕಷ್ಟವೆನಿಸಬಹುದು. ಹಾರ್ಮೋನಿಯಂ, ತಮಟೆ, ದಮ್ಮಡಿ ಮೂರರಲ್ಲೇ ಇಷ್ಟು ವರ್ಷ ಹಾಡು ಕಟ್ಟಿದ ನಿಮಗೆ ಅದು ಕಷ್ಟವಾಗಲಾರದು. ಮೊಮ್ಮಗನಿಗೆ ನೀವೇ ಹೇಳಿಕೊಡಬೇಕು.

ಬಿಗಿತ ಮೊದಲು ಹುಟ್ಟುವುದು ಸ್ವರದಲ್ಲಿ. ಕೀಬೋರ್ಡಿನ ಹನ್ನೆರಡು ಮನೆಗಳೂ ಸಮ ಅಂತರದಲ್ಲಿ ಇವೆ, ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್ (ಸ್ವರಗಳ ಅಂತರವನ್ನು ಅಳೆಯುವ ಸಣ್ಣ ಮಾನ). ನಿಮ್ಮ ಕೊರಳು ಹಾಗೆ ಅಳೆದು ಹಾಡುವುದಿಲ್ಲ. ಉದಾಹರಣೆಗೆ, ತಂಬೂರಿಯ ಷಡ್ಜದೊಳಗಿಂದ ತಾನಾಗಿ ಕೇಳಿಬರುವ ಅಂತರ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಮೇಲಿದೆ, ಕೀಬೋರ್ಡಿನ ಗಾಂಧಾರ 400ರಲ್ಲಿದೆ. 14 ಸೆಂಟಿನ ಈ ವ್ಯತ್ಯಾಸ ಹಾರ್ಮೋನಿಯಂನಲ್ಲೂ ಇದ್ದದ್ದೇ. ಆದರೆ ಅಲ್ಲಿ ಸ್ವರ ಬಂದು ಹೋಗುತ್ತದೆ, ಸಿಂಥ್‌ನ ಪ್ಯಾಡ್‌ನಲ್ಲಿ, ಅಂದರೆ ಹಿಂದೆ ಎಡೆಬಿಡದೆ ಹಾಸಿರುವ ನಾದದಲ್ಲಿ, ಅದು ಸಾಲಿನುದ್ದಕ್ಕೂ ನಿಂತಿರುತ್ತದೆ. ನಿಂತ ಗಾಂಧಾರದ ಎದುರು ನಿಮ್ಮ ಕೊರಳು ತನಗೆ ಬೇಕಾದ ಕಡೆ ಇಳಿಯಲಾರದೆ ಯಂತ್ರದ ಮನೆಗೆ ಹೋಗಿ ಸೇರಿಕೊಳ್ಳುತ್ತದೆ. ಅಲ್ಲಿಗೆ ನಿಮ್ಮ ಊರಿನ ಧಾಟಿ ಯಾವ ಊರಿನದೂ ಅಲ್ಲದಂತಾಗುತ್ತದೆ.

ಆದ್ದರಿಂದ ಪ್ಯಾಡ್‌ನಲ್ಲಿ ಗಾಂಧಾರವನ್ನೇ ಇಡಬೇಡಿ. ಷಡ್ಜ, ಪಂಚಮ, ಮೇಲಿನ ಷಡ್ಜ ಇವಿಷ್ಟನ್ನೇ ಹಿಡಿದು ಏಕತಾರಿಯ ಜಾಗದಲ್ಲಿ ಅದನ್ನು ನಿಲ್ಲಿಸಿ. ಜುನೋ ಬಗೆಯ ವಾದ್ಯದಲ್ಲಿ ಇದನ್ನು ಮಾಡುವ ಬಗೆ ಹೀಗಿದೆ. ಗರಗಸದ ಹಲ್ಲಿನ ಆಕಾರದ ಅಲೆಯನ್ನು ಆರಿಸಿ, ಅದರ ಕೆಳಗಿನ ಸ್ಥಾಯಿಯ ಸಬ್ ಆಸಿಲೇಟರನ್ನು ಸ್ವಲ್ಪ ಬೆರೆಸಿ. ಫಿಲ್ಟರನ್ನು, ಅಂದರೆ ನಾದವನ್ನು ಸೋಸುವ ಭಾಗವನ್ನು, ಮೂರರಲ್ಲೊಂದು ಪಾಲು ಮಾತ್ರ ತೆರೆಯಿರಿ. ಆಗ ನಾದ ಮಂಕಾಗಿ ಹಿಂದಕ್ಕೆ ಸರಿದು ಮಾತಿಗೆ ಜಾಗ ಬಿಡುತ್ತದೆ. ಬಳಿಕ ಎಲ್‌ಎಫ್‌ಓ ಎಂಬ ನಿಧಾನದ ಅಲೆಯನ್ನು ಫಿಲ್ಟರಿಗೆ ಜೋಡಿಸಿ, ಒಂದು ಸಾಲು ಹಾಡಿ ಮುಗಿಯುವಷ್ಟು ಹೊತ್ತಿನಲ್ಲಿ ನಾದ ಒಮ್ಮೆ ತುಸು ತೆರೆದು ಮತ್ತೆ ಮುಚ್ಚುವಂತೆ ಹೊಂದಿಸಿ. ಕೊನೆಯಲ್ಲಿ ಕೋರಸ್. ಸ್ವರ ಕದಲದಿದ್ದರೂ ನಾದ ಉಸಿರಾಡುವಂತೆ ಕೇಳುತ್ತದೆ, ಮೀಟಿದ ತಂತಿಯಲ್ಲಿ ಆಗುವುದೂ ಅದೇ. ನೀವು ಹಾರ್ಮೋನಿಯಂನ ಯಾವ ಮನೆಯಲ್ಲಿ ಹಾಡುತ್ತಿದ್ದೀರೋ ಆ ಮನೆಯನ್ನೇ ಷಡ್ಜ ಮಾಡಿಕೊಳ್ಳಿ. ವಯಸ್ಸಿಗೆ ಕೊರಳು ಇಳಿದಿದ್ದರೆ ಒಂದೆರಡು ಮನೆ ಕೆಳಗಿಳಿಸಿ. ಎರಡು ಮನೆಗಳ ನಡುವೆ ಕೊರಳಿಗೆ ಹಿತವಾಗುವುದಾದರೆ ಫೈನ್ ಟ್ಯೂನ್ ಗುಂಡಿಯಲ್ಲಿ ಅಲ್ಲಿಗೇ ತನ್ನಿ. ಯಂತ್ರ ಕೊರಳಿಗೆ ತಗ್ಗಬೇಕು.

ಕಾರ್ಡ್‌ಗಳೇ ಬೇಡವೇ ಎಂದು ಮೊಮ್ಮಗ ಕೇಳುತ್ತಾನೆ. ಸಿಂಥ್-ಪಾಪ್ ಹಾಡುಗಳಲ್ಲಿ ನಾಲ್ಕು ಕಾರ್ಡ್‌ಗಳು ಒಂದರ ಹಿಂದೆ ಒಂದು ಸುತ್ತುತ್ತಾ ಹಾಡನ್ನು ಎಲ್ಲಿಗೋ ಕೊಂಡೊಯ್ದು ಮತ್ತೆ ಮನೆಗೆ ತರುತ್ತವೆ. ನಮ್ಮ ಪದಗಳು ಬಹುಪಾಲು ನಾಲ್ಕೈದು ಸ್ವರಗಳ ಒಳಗೇ ತಿರುಗುತ್ತವೆ. ಅವು ಮನೆ ಬಿಟ್ಟು ಹೋಗುವುದಿಲ್ಲ, ಇರುವ ಕಡೆಯೇ ಆಳಕ್ಕೆ ಇಳಿಯುತ್ತವೆ. ಅವುಗಳ ಕೆಳಗೆ ಕಾರ್ಡ್‌ಗಳನ್ನು ಓಡಾಡಿಸಿದರೆ ಹಾಡು ಹೇಳದ ದುಃಖವನ್ನೂ ಹೇಳದ ಸಂತೋಷವನ್ನೂ ಕಾರ್ಡ್ ಹೇಳತೊಡಗುತ್ತದೆ. ಬದಲಾವಣೆ ಬೇಕೆನಿಸಿದರೆ ಮೇಲಿನ ಷಡ್ಜ ಪಂಚಮಗಳನ್ನು ಹಾಗೆಯೇ ನಿಲ್ಲಿಸಿ, ಚರಣದ ಕೊನೆಯಲ್ಲಿ ತಗ್ಗಿನ ಸ್ವರವೊಂದನ್ನೇ ಷಡ್ಜದಿಂದ ಕೆಳಗಿನ ನಿಷಾದಕ್ಕೋ ಮಧ್ಯಮಕ್ಕೋ ಇಳಿಸಿ ಪಲ್ಲವಿಗೆ ಹಿಂದಿರುಗಿಸಿ. ಒಂದು ಸ್ವರದ ಆ ಚಲನೆಯೇ ಎಂಬತ್ತರ ದಶಕದ ರುಚಿಯನ್ನು ಸಾಕಷ್ಟು ಕೊಡುತ್ತದೆ.

ಬಾಗು ಬಳುಕುಗಳಿರುವ ಧಾಟಿಯನ್ನು ಸಿಂಥ್‌ನಲ್ಲಿ ನುಡಿಸಲೇಬಾರದೆಂದೇನೂ ಇಲ್ಲ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಜುಪಿಟರ್-8, ಟಿಬಿ-303, ಟಿಆರ್-808 ಈ ಮೂರು ಯಂತ್ರಗಳಲ್ಲಿ ರಾಗಗಳನ್ನು ನುಡಿಸಿ ಧ್ವನಿಮುದ್ರಿಸಿದ್ದರು. ಬಾಸ್ ಗಿಟಾರಿನ ಬದಲಿಗೆಂದು ತಯಾರಾದ 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಸೌಲಭ್ಯವಿತ್ತು. ರಾಗದ ಜಾರುವಿಕೆಗೆ ಅದು ಒದಗಿಬಂತು. ಆ ಧ್ವನಿಮುದ್ರಿಕೆ ಆಗ ಹೆಚ್ಚಿನವರನ್ನು ಮುಟ್ಟಲಿಲ್ಲ, 2010ರಲ್ಲಿ ಮರುಮುದ್ರಣವಾದ ಮೇಲೆ ದೇಶವಿದೇಶಗಳಲ್ಲಿ ಜನ ಬೆರಗಿನಿಂದ ಕೇಳಿದರು. ನಿಮ್ಮ ಹಾಡಿನಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಇಂಥ ಒಂದು ತುಣುಕು ಬರಲಿ. ವಾದ್ಯವನ್ನು ಒಂದೇ ಸ್ವರದ ಮೋನೋ ಸ್ಥಿತಿಗೆ ತಂದು, ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೋ ಹಾಕಿ, ಬಲಗೈ ನುಡಿಸುವಾಗ ಎಡಗೈಯಲ್ಲಿ ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಚಕ್ರವನ್ನು ಆಡಿಸಲು ಮೊಮ್ಮಗ ಅಭ್ಯಾಸ ಮಾಡಲಿ. ಕೊರಳು ಹಾಡುತ್ತಿರುವಾಗ ಮಾತ್ರ ಅದು ಸುಮ್ಮನಿರಬೇಕು.

ಈಗ ತಮಟೆಯ ಪ್ರಶ್ನೆ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ತೂಕದ ಪ್ರಶ್ನೆ ಇದು. ನಿಮ್ಮದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಈ ವಾದ್ಯವನ್ನು ಯಂತ್ರದ ಹಿಂದೆ ಓಡಿಸುವುದು ನಮ್ಮ ಸೀಮೆಯವರಿಗೆ ಒಪ್ಪುವ ಮಾತಲ್ಲ. ಸಾಮಾನ್ಯವಾಗಿ ಸ್ಟುಡಿಯೋಗಳಲ್ಲಿ ಮಾಡುವುದೇನೆಂದರೆ, ಯಂತ್ರದ ತಾಳವನ್ನು ಮೊದಲು ಹಾಕಿ, ತಮಟೆಯವರ ಕಿವಿಗೆ ಹೆಡ್‌ಫೋನ್ ಕೊಟ್ಟು, ಆ ಟಿಕ್ ಟಿಕ್ ಸದ್ದಿಗೆ ನುಡಿಸಲು ಹೇಳುವುದು. ಗುಂಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಾ, ಕುಣಿಯುವವರ ಕಾಲು ನೋಡುತ್ತಾ ನುಡಿಸಿ ರೂಢಿಯಾದವರಿಗೆ ಇದರಿಂದ ಕೈ ಕಟ್ಟಿಹಾಕಿದಂತಾಗುತ್ತದೆ. ತಪ್ಪು ಹೋಗಬಾರದೆಂಬ ಭಯದಲ್ಲಿ ವರಸೆಗಳನ್ನು ಸಣ್ಣದು ಮಾಡಿಕೊಳ್ಳುತ್ತಾರೆ.

ನೀವು ಕ್ರಮವನ್ನು ತಿರುಗಿಸಿ. ನೀವೂ ತಮಟೆಯವರೂ ಎದುರುಬದುರು ನಿಂತು, ಯಾವ ಟಿಕ್ ಸದ್ದೂ ಇಲ್ಲದೆ, ಶ್ರುತಿ ಮಾತ್ರ ಇಟ್ಟುಕೊಂಡು ಹಾಡನ್ನು ಪೂರ್ತಿ ಮುದ್ರಿಸಿ. ಬಳಿಕ ಕಂಪ್ಯೂಟರಿನಲ್ಲಿ ಪ್ರತಿ ಆವರ್ತನೆಯ ಮೊದಲ ಪೆಟ್ಟಿನ ಮೇಲೆ ಒಂದೊಂದು ಟೆಂಪೋ ಗುರುತು ಹಾಕುತ್ತಾ ಹೋದರೆ ಯಂತ್ರದ ಕಾಲವೇ ಆವರ್ತನೆಗೊಮ್ಮೆ ಹೊಂದಿಕೊಂಡು ತಮಟೆಯ ಹಿಂದೆ ನಡೆಯುತ್ತದೆ. ರೀಪರ್ ತರಹದ ತಂತ್ರಾಂಶಗಳಲ್ಲಿ ಇದಕ್ಕೆ ಟೆಂಪೋ ಮ್ಯಾಪ್ ಎಂಬ ಸೌಲಭ್ಯವಿದೆ. ತಾಳ್ಮೆ ಬೇಡುವ ಕೆಲಸ. ಆದರೆ ಅದು ಮುಗಿದ ಮೇಲೆ 808ರ ಪೆಟ್ಟು ತಮಟೆಯ ಪೆಟ್ಟಿನ ಅಡಿಗೆ ಬಂದು ಕೂರುವುದನ್ನು ಕೇಳಿದರೆ ಆ ತಾಳ್ಮೆಗೆ ಬೆಲೆ ಸಿಕ್ಕಿತೆನಿಸುತ್ತದೆ. ಕೊನೆಯ ಚರಣಕ್ಕೆ ಬರುವಾಗ ತಮಟೆ ಕಾಲವನ್ನು ಏರಿಸುತ್ತದೆ, ಯಂತ್ರವೂ ಅದರೊಡನೆ ಏರುತ್ತದೆ. ಪಶ್ಚಿಮದ ಸಿಂಥ್-ಪಾಪ್‌ನಲ್ಲಿ ಕಾಲವು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರುವುದು ವಾಡಿಕೆ. ಈ ಏರುವಿಕೆ ನಿಮ್ಮ ಹಾಡುಗಳ ಸ್ವಂತ ಗುರುತಾಗಬಹುದು.

ನಡೆಯ ಬಗ್ಗೆಯೂ ಎಚ್ಚರವಿರಲಿ. ತಾಳಯಂತ್ರಗಳು ಹದಿನಾರು ಮೆಟ್ಟಿಲುಗಳಲ್ಲಿ ಎಣಿಸುತ್ತವೆ, ಅಂದರೆ ನಾಲ್ಕು ನಾಲ್ಕರ ಚತುರಶ್ರ ನಡೆ. ನಿಮ್ಮ ಪದಗಳಲ್ಲಿ ಮೂರರ ನಡೆಯವು ಹಲವು ಇರುತ್ತವೆ, ಏಳರ ನಡೆಯವೂ ಇರಬಹುದು. ಚತುರಶ್ರಕ್ಕೆ ಒಗ್ಗಿಸಲೆಂದು ಪದವನ್ನು ಮುರಿಯುವುದು ಬೇಡವೇ ಬೇಡ. ಮೂರರ ನಡೆಗೆ ಹನ್ನೆರಡು ಮೆಟ್ಟಿಲು ಇಟ್ಟುಕೊಳ್ಳಿ, 808ರಲ್ಲೇ ಅದಕ್ಕೆ ಅವಕಾಶವಿತ್ತು. ಏಳರ ನಡೆಗೆ ಹದಿನಾಲ್ಕು ಇಟ್ಟು ಮೂರು, ಎರಡು, ಎರಡರ ತಲೆಗಳಲ್ಲಿ ತಗ್ಗಿನ ಪೆಟ್ಟನ್ನು ಹಾಕಿ. ಆರ್ಪೆಜಿಯೋ ಎಂಬ ಓಡುವ ಸ್ವರಗಳ ಸಾಲನ್ನೂ ಇದೇ ಎಣಿಕೆಗೆ ಕಟ್ಟಿ. ಮೂರರ ನಡೆಯಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ ಸುತ್ತುವ ಜುನೋ ನಾದವನ್ನು ದಮ್ಮಡಿಯ ಜೊತೆ ಕೇಳಿ ನೋಡಿ. ಒಂದು ಇನ್ನೊಂದಕ್ಕಾಗಿಯೇ ಹುಟ್ಟಿದಂತೆ ಕೂಡುತ್ತವೆ.

ತಮಟೆಯನ್ನು ಮುದ್ರಿಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಬೆಂಕಿಗೆ ಕಾಯಿಸಿದ ಚರ್ಮ ಬಿಗಿಯಾಗಿ ನಾದ ಮೇಲೇರುತ್ತದೆ, ಆರುತ್ತಾ ಬಂದಂತೆ ಇಳಿಯುತ್ತದೆ. ಇಡೀ ದಿನ ಒಂದೇ ಸಮ ಮುದ್ರಿಸಿದರೆ ಬೆಳಗಿನ ತುಣುಕೂ ಸಂಜೆಯ ತುಣುಕೂ ಕೂಡುವುದಿಲ್ಲ. ಹಾಡಿಗೊಮ್ಮೆ ಕಾಯಿಸಲು ಬಿಡುವು ಕೊಡಿ, ಅದಕ್ಕೆ ಜಾಗವಿರುವ ಕಡೆಯೇ ಮುದ್ರಣ ಇಟ್ಟುಕೊಳ್ಳಿ. ನಾಲ್ಕು ಗೋಡೆಗಳ ಸಣ್ಣ ಕೋಣೆಗಿಂತ ತೋಟದ ಮನೆಯ ಅಂಗಳ ಉತ್ತಮ, ಮೈಕ್ ಮೂರು ನಾಲ್ಕು ಅಡಿ ದೂರವಿರಲಿ. ದಪ್ಪ ಕೋಲಿನ ಪೆಟ್ಟು ತಗ್ಗಿನ ಕಡೆಗೂ ಸಣ್ಣ ಕಡ್ಡಿಯ ಪೆಟ್ಟು ಚುರುಕಾಗಿ ಮೇಲಿನ ಕಡೆಗೂ ಇರುತ್ತದೆ. ಮಿಶ್ರಣ ಮಾಡುವಾಗ ತಮಟೆಯಲ್ಲಿ 80 ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಕೆಳಗಿನದನ್ನು ತೆಗೆದರೆ, 50 ಹರ್ಟ್ಸ್‌ನ ಆಸುಪಾಸಿನಲ್ಲಿರುವ 808ರ ಪೆಟ್ಟಿಗೆ ಅಲ್ಲಿ ಜಾಗವಾಗುತ್ತದೆ. ಕಡ್ಡಿಯ ಚುರುಕಿಗೂ ಡಿಎಕ್ಸ್ 7ರ ಗೆಜ್ಜೆಯ ನಾದಕ್ಕೂ ಒಂದೇ ಜಾಗದಲ್ಲಿ ಪೈಪೋಟಿ ಬೀಳುವುದರಿಂದ ಎರಡೂ ಒಟ್ಟಿಗೆ ಬರದಂತೆ ನೋಡಿಕೊಳ್ಳಿ; ತಮಟೆ ಸುಮ್ಮನಾದ ಕಡೆ ಗೆಜ್ಜೆ ಬರಲಿ. ಆ ದಶಕದ ಗೇಟೆಡ್ ರಿವರ್ಬ್, ಅಂದರೆ ಪೆಟ್ಟಿನ ಪ್ರತಿಧ್ವನಿ ದೊಡ್ಡದಾಗಿ ಎದ್ದು ತಟ್ಟನೆ ಕತ್ತರಿಸಿಹೋಗುವ ತಂತ್ರ, ತಮಟೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಚರಣ ಮುಗಿಯುವ ಒಂದು ಪೆಟ್ಟಿಗೆ ಮಾತ್ರ ಹಾಕಿ.

ಸಾಲುಗಳ ಅಳತೆಯಲ್ಲೂ ಒಂದು ಬಿಗಿತ ಅಡಗಿದೆ. ಪಾಪ್ ಹಾಡಿನ ಸಂಯೋಜನೆ ಎಂಟು ಆವರ್ತನೆಗಳ ತುಂಡುಗಳಲ್ಲಿ ನಡೆಯುತ್ತದೆ, ಕಂಪ್ಯೂಟರೂ ಹಾಗೆಯೇ ಗೆರೆ ಹಾಕಿ ಕೊಡುತ್ತದೆ. ತ್ರಿಪದಿ ಮೂರೇ ಸಾಲು, ಗಣಗಳು ನಾಲ್ಕು, ನಾಲ್ಕು, ಮೂರು, ಒಟ್ಟು ಹನ್ನೊಂದು. ಹಾಡುವಾಗ ಎರಡನೆಯ ಸಾಲಿನ ಕೊನೆಯ ಭಾಗವನ್ನು ಮರಳಿ ಎತ್ತಿಕೊಂಡು ಮೂರನೆಯದಕ್ಕೆ ದಾಟುವ ರೂಢಿಯೂ ಇದೆ. ಈ ಏರುಪೇರಿನ ಅಳತೆಯೇ ತ್ರಿಪದಿಯ ಜೀವ. ಎಂಟರ ತುಂಡು ತುಂಬಲೆಂದು ಮಾತು ಸೇರಿಸುವುದಾಗಲಿ ಸಾಲಿನ ಕೊನೆಯನ್ನು ಎಳೆಯುವುದಾಗಲಿ ಮಾಡಿದರೆ ಅದು ಹೋಗುತ್ತದೆ. ಮೊಮ್ಮಗ ನಿಮ್ಮ ಬಾಯಿಂದ ಪದವನ್ನು ಕೇಳಿ, ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಯಂತ್ರದ ಸುತ್ತನ್ನೂ ಕತ್ತರಿಸಲಿ. ಸೋಬಾನೆಯಲ್ಲಿ ಮುಂದೆ ಹೇಳುವವರು ಬಿಟ್ಟ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಆ ಜಾಗವನ್ನು ಸಿಂಥ್‌ಗೆ ಕೊಡಲು ಆರು ಹಾಡುಗಳಲ್ಲಿ ಒಂದನ್ನಾದರೂ ಮೀಸಲಿಡಿ. ನೀವು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಸಿಂಥ್ ಅದರ ಕೊನೆಯ ನಾಲ್ಕು ಸ್ವರಗಳನ್ನು ಮರಳಿ ಹೇಳಲಿ. ಪಲ್ಲವಿ ಚರಣಗಳ ನಡುವಿನ ಆ ತುಣುಕನ್ನು ಬಿಟ್ಟರೆ, ಧಾಟಿಯನ್ನು ಯಂತ್ರಕ್ಕೆ ಕೊಡಬೇಡಿ ಎಂದ ನನ್ನ ಮಾತಿಗೆ ಇದೊಂದೇ ವಿನಾಯಿತಿ.

ಮಾತು ಸ್ಪಷ್ಟವಾಗಿ ಕೇಳಬೇಕು. ಎಂಬತ್ತರ ದಶಕದ ಹಾಡುಗಳಲ್ಲಿ ಕೊರಳಿನ ಸುತ್ತ ಉದ್ದನೆಯ ಪ್ರತಿಧ್ವನಿ ಇರುತ್ತದೆ. ಕನ್ನಡದ ಒತ್ತಕ್ಷರಗಳು ಅದರಲ್ಲಿ ಮುಳುಗಿಹೋಗುತ್ತವೆ. ರಿವರ್ಬ್ ಬೇಕೆಂದರೆ ಪ್ರೀ-ಡಿಲೇಯನ್ನು 60ರಿಂದ 80 ಮಿಲಿಸೆಕೆಂಡಿಗೆ ಇಡಿ, ಅಕ್ಷರ ಹೊರಬಂದ ಮೇಲೆ ಪ್ರತಿಧ್ವನಿ ಏಳುತ್ತದೆ. ಸ್ವರ ತಿದ್ದುವ ತಂತ್ರಾಂಶವನ್ನು ನಿಮ್ಮ ಕೊರಳಿನ ಹತ್ತಿರವೂ ಬಿಡಬೇಡಿ. ನಿಮ್ಮ ಸೀಮೆಯ ಆಡುಮಾತು, ನಡುವೆ ಬಂದು ಹೋಗುವ ತೆಲುಗು ಪದ, ಕೊನೆಯನ್ನು ತುಸು ಎಳೆಯುವ ರೀತಿ, ಇವನ್ನು ಹೊಸ ನಾದಕ್ಕೆಂದು ತಿದ್ದಿಕೊಳ್ಳುವ ಅಗತ್ಯ ಎಳ್ಳಷ್ಟೂ ಇಲ್ಲ.

ಆರೂ ಹಾಡುಗಳನ್ನು ಹೊಸದಾಗಿಯೇ ಕಟ್ಟಬೇಕೆಂದು ನನ್ನ ಬಲವಾದ ಸಲಹೆ. ಜನರ ಬಾಯಲ್ಲಿ ಆಗಲೇ ನೆಲೆ ನಿಂತಿರುವ ನಿಮ್ಮ ಹಳೆಯ ಪದಗಳಿಗೆ ಅವುಗಳದೇ ನಾದವಿದೆ. ಅದನ್ನು ಬಿಚ್ಚಿ ಬೇರೆಯದನ್ನು ತೊಡಿಸಿದರೆ ಕೇಳುಗರು ಎರಡನ್ನೂ ಹೋಲಿಸುತ್ತಾ ಕೂರುತ್ತಾರೆ. ಕೈವಾರ ತಾತಯ್ಯನವರ ತತ್ವಪದಗಳಂಥವನ್ನೂ ಈ ಪ್ರಯೋಗಕ್ಕೆ ಎತ್ತಿಕೊಳ್ಳದಿರುವುದು ಮೇಲು. ಕಾನೂನಿನ ಪ್ರಕಾರ ತಡೆಯಿಲ್ಲ, ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಆದರೆ ಭಜನಾ ಮಂಡಳಿಗಳು ಭಕ್ತಿಯಿಂದ ಇಂದಿಗೂ ಹಾಡುತ್ತಿರುವ ಪದಗಳವು, ಅವಕ್ಕೆ ನಮ್ಮ ಪ್ರಯೋಗದ ಹಂಗಿಲ್ಲ. ಶಿರಾ ಕಡೆಯ ಕಾಡುಗೊಲ್ಲರ ಗಣೆಯ ನಾದ ಬೇಕೆನಿಸಿದರೂ ಇದೇ ಎಚ್ಚರವಿರಲಿ: ಆ ಉದ್ದನೆಯ ಬಿದಿರ ಕೊಳಲು ಅವರು ಆರಾಧಿಸುವ ವೀರ ಜುಂಜಪ್ಪನ ಕಾವ್ಯದೊಡನೆ ಬೆಸೆದುಕೊಂಡಿರುವಂಥದ್ದು. ನುಡಿಸುವವರನ್ನು ಕಂಡು, ಅವರು ಒಪ್ಪಿ, ಏನನ್ನು ನುಡಿಸಬಹುದೆಂದು ಅವರೇ ಹೇಳಿದರೆ ಮಾತ್ರ ಮುಂದುವರಿಯಿರಿ. ಹೊಸ ಹಾಡುಗಳನ್ನು ಕಟ್ಟುವಾಗ ಹಾರ್ಮೋನಿಯಂ ಬಿಟ್ಟು ಸಿಂಥ್‌ನ ಶ್ರುತಿಯನ್ನು ಕೇಳುತ್ತಲೇ ಕಟ್ಟಿ. ನಾದ ಬದಲಾದಾಗ ಬಾಯಿಗೆ ಬರುವ ಮಾತೂ ಬದಲಾಗುತ್ತದೆ.

ಹಳೆಯ ವಾದ್ಯವನ್ನು ಕೊಳ್ಳಬೇಡಿ. ಜುನೋ-106ರ ಒಳಗಿನ ಸ್ವರದ ಚಿಪ್‌ಗಳು ಹಳತಾದಂತೆ ಕೆಡುವುದು ಎಲ್ಲರಿಗೂ ಗೊತ್ತಿರುವ ತೊಂದರೆ, ಅದನ್ನು ದುರಸ್ತಿ ಮಾಡುವವರು ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಡಿಎಕ್ಸ್ 7ರ ನಾದವನ್ನು ಕೊಡುವ ಡೆಕ್ಸ್‌ಡ್ ಮತ್ತು ಅನಲಾಗ್ ಬಗೆಯ ನಾದಗಳಿಗೆ ಒದಗುವ ಸರ್ಜ್ ಎಕ್ಸ್‌ಟಿ ಉಚಿತವಾಗಿ ಸಿಗುವ ತಂತ್ರಾಂಶಗಳು. ಸರ್ಜ್‌ನಲ್ಲಿ ಸ್ವರಗಳ ಅಂತರವನ್ನೇ ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ಗಾಂಧಾರದ ಆ 14 ಸೆಂಟನ್ನು ಇಳಿಸಬೇಕೆಂದರೆ ಅದಕ್ಕೂ ದಾರಿಯಿದೆ. ಹಣ ಖರ್ಚು ಮಾಡುವುದಾದರೆ ಒಳ್ಳೆಯ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಪಿಚ್ ಬೆಂಡ್ ಚಕ್ರವಿರುವ ಚಿಕ್ಕ ಕೀಬೋರ್ಡ್, ಕರೆಂಟ್ ಹೋದಾಗ ಕೆಲಸ ನಿಲ್ಲದಂತೆ ಯುಪಿಎಸ್, ಇಷ್ಟಕ್ಕೆ ಮಾಡಿ.

ಜಾತ್ರೆಯ ಮಾತು ಕೇಳಿದ್ದೀರಿ. ಹೆಡ್‌ಫೋನಿನಲ್ಲಿ ಸೊಗಸಾಗಿದ್ದ ಮಿಶ್ರಣ ಜಾತ್ರೆಯಲ್ಲಿ ಬಡವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೈಕ್ ಸೆಟ್‌ನವರು ಕಂಬಕ್ಕೆ ಕಟ್ಟುವ ಹಾರನ್ ಸ್ಪೀಕರ್ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು ಬಹುಮಟ್ಟಿಗೆ ಕೈಬಿಡುತ್ತದೆ. 808ರ ತಗ್ಗಿನ ಪೆಟ್ಟು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ತಗ್ಗಿನ ನಾದಕ್ಕೆ ತುಸು ಡಿಸ್ಟಾರ್ಷನ್ (ನಾದವನ್ನು ಒರಟಾಗಿಸುವ ತಂತ್ರ) ಬೆರೆಸಿದರೆ ಅದರ ಮೇಲಿನ ಅನುರಣನಗಳು ಏಳುತ್ತವೆ, ಅವುಗಳಿಂದ ಕಿವಿ ತಗ್ಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಎರಡನೆಯದು, ಸಾಮಾನ್ಯವಾಗಿ ಎಲ್ಲ ಹಾರನ್‌ಗಳಿಗೂ ಎಡಬಲವೆಂಬ ಭೇದವಿಲ್ಲದ ಒಂದೇ ಮೋನೋ ಧ್ವನಿ ಹೋಗುತ್ತದೆ. ಜುನೋದ ಕೋರಸ್ ಎಡಬಲಗಳ ವ್ಯತ್ಯಾಸದಿಂದ ಹುಟ್ಟುವ ಅಗಲ. ಎರಡನ್ನೂ ಒಂದು ಮಾಡಿದಾಗ ಅದರಲ್ಲಿ ಒಂದಷ್ಟು ತನ್ನಷ್ಟಕ್ಕೇ ಅಳಿಸಿಹೋಗುತ್ತದೆ. ಪ್ರತಿ ಹಾಡನ್ನೂ ಮೋನೋ ಗುಂಡಿ ಒತ್ತಿ, ತಗ್ಗನ್ನು ಕತ್ತರಿಸಿ, ಸಣ್ಣ ಸ್ಪೀಕರಿನಲ್ಲಿ ಒಮ್ಮೆ ಕೇಳಿ ನೋಡಿದ ಮೇಲೆಯೇ ಮುಗಿಯಿತೆನ್ನಿ. ಜಾತ್ರೆಗಿಂತ ಮೊದಲು ಕೂತು ಕೇಳುವ ಜನರ ಮುಂದೆ ಹಾಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದಿರುವ ‘ಹುಣ್ಣಿಮೆ ಹಾಡು’ ಅಂಥ ಜಾಗ. ತಮಟೆ ಬಲ್ಲ ಕಿವಿಗಳು ಅಲ್ಲಿ ಇರುತ್ತವೆ, ಅವರು ಹೇಳುವ ಮಾತಿಗೆ ಬೆಲೆಯಿದೆ.

ನೀವು ಕೇಳದಿದ್ದರೂ ಹಕ್ಕಿನ ವಿಷಯವನ್ನು ಹೇಳಲೇಬೇಕು. ತಮಟೆ, ದಮ್ಮಡಿ ನುಡಿಸುವವರಿಗೆ ಅಂದಿನ ಕೂಲಿ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿ ಬೇರೂರಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇದೆ, ತಮ್ಮ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕು 2012ರ ತಿದ್ದುಪಡಿಯಿಂದ ಬಂದಿದೆ. ಮುದ್ರಿಸಿದ ಪೆಟ್ಟುಗಳನ್ನು ಕತ್ತರಿಸಿ ಬೇರೆ ಹಾಡಿಗೆ ಅಂಟಿಸುವುದು ಕಂಪ್ಯೂಟರಿನಲ್ಲಿ ಚಿಟಿಕೆ ಹೊಡೆಯುವಷ್ಟು ಸುಲಭವಾದ್ದರಿಂದ, ಯಾವ ಹಾಡಿಗೆ ನುಡಿಸಿದರು, ಬೇರೆ ಕಡೆ ಬಳಸಬಹುದೇ, ಬಳಸಿದರೆ ಅವರಿಗೆಷ್ಟು ಎಂಬುದನ್ನು ಮುದ್ರಣಕ್ಕೆ ಮುಂಚೆಯೇ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಓದಿ ಹೇಳಿ, ಇಬ್ಬರೂ ಸಹಿ ಮಾಡಿ. ಹಾಡು ಎಲ್ಲಿ ಬಿಡುಗಡೆಯಾದರೂ ಸಿಂಥ್‌ನ ಹೆಸರಿಗಿಂತ ಮೊದಲು ಅವರ ಹೆಸರುಗಳು ಬರಲಿ. ನಿಮ್ಮ ಪಾಲನ್ನೂ ಮರೆಯಬೇಡಿ: ಧ್ವನಿಮುದ್ರಿಕೆಯ ಬಳಕೆಯಿಂದ ಬರುವ ರಾಯಧನದಲ್ಲಿ ಸಾಹಿತ್ಯ ಮತ್ತು ಸಂಗೀತ ರಚಿಸಿದವರಿಗೆ ಇರುವ ಸಮಪಾಲಿನ ಹಕ್ಕನ್ನು ಅದೇ 2012ರ ತಿದ್ದುಪಡಿಯ ಪ್ರಕಾರ ಬರೆದುಕೊಟ್ಟು ಕಳೆದುಕೊಳ್ಳಲು ಬರುವುದಿಲ್ಲ. ಯಾವುದೇ ಕಂಪನಿಯ ಕರಾರಿನಲ್ಲಿ ‘ಎಲ್ಲ ಹಕ್ಕುಗಳನ್ನೂ ಒಂದೇ ಮೊತ್ತಕ್ಕೆ’ ಎಂಬ ಸಾಲು ಕಂಡರೆ ವಕೀಲರಿಗೆ ತೋರಿಸುವವರೆಗೆ ಸಹಿ ಹಾಕಬೇಡಿ, ಮತ್ತು ಆರೂ ಹಾಡುಗಳ ಸಾಹಿತ್ಯ, ಧಾಟಿ, ದಿನಾಂಕಗಳನ್ನು ಮುದ್ರಣಕ್ಕೆ ಮೊದಲೇ ನಿಮ್ಮ ಹೆಸರಿನಲ್ಲಿ ಬರೆದಿಟ್ಟುಕೊಳ್ಳಿ.